ಮೊದಲ ಡಿಎಸ್‌ಎಲ್‌ಆರ್ (ಲೆನ್ಸ್ ಬದಲಿಸಬಹುದಾದ ಕ್ಯಾಮೆರಾ) ಕೊಳ್ಳುವವರಿಗೆ: ನಿಕಾನ್ ಡಿ3500 ಸರಿನಾ, ಕ್ಯಾನನ್ 200ಡಿ ಮಾರ್ಕ್ 2 ಸರಿನಾ?

ಮೊದಲಿಗೆ, ಮೆಗಾಪಿಕ್ಸೆಲ್ ಲೆಕ್ಕಕ್ಕೆ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ನಿಕಾನ್‌ನಲ್ಲಿ 24.2, ಕ್ಯಾನನ್‌ನಲ್ಲಿ 24.1, ಅಂದರೆ ಎರಡೂ ಒಂದೇ. ವ್ಯತ್ಯಾಸ ಗೊತ್ತಾಗುವುದು ಕೈಯಲ್ಲಿ ಹಿಡಿದು ಬಳಸುವಾಗ.

ವ್ಯೂಫೈಂಡರ್‌ಗೆ, ಅಂದರೆ ಕ್ಯಾಮೆರಾ ಹಿಂದಿನ ಕಿಂಡಿಗೆ, ಕಣ್ಣಿಟ್ಟು ಫೋಟೋ ತೆಗೆಯುವುದನ್ನೇ ಕಲಿಯಬೇಕು ಅನ್ನುವವರಿಗೆ ನಾನು ನಿಕಾನ್ ಅಂತೀನಿ. ಒಂದು ಚಾರ್ಜಿಗೆ ಸುಮಾರು 1550 ಫೋಟೋ ಅಂತ ಕಂಪನಿ ಹೇಳುತ್ತದೆ, ಕ್ಯಾನನ್‌ನದು 1070. ಜೊತೆಗೆ ಗೈಡ್ ಮೋಡ್ ಇದೆ. ಹಿನ್ನೆಲೆ ಮಸುಕಾಗಬೇಕಾ, ಓಡುವ ಮಗು ಸ್ಪಷ್ಟವಾಗಿ ಬರಬೇಕಾ ಅಂತ ಆರಿಸಿದರೆ ಯಾವ ಸೆಟ್ಟಿಂಗ್ ಬದಲಿಸಬೇಕು ಅಂತ ಅದೇ ತೋರಿಸಿಕೊಡುತ್ತದೆ, ಹೊಸಬರಿಗೆ ಇದು ನಿಜಕ್ಕೂ ದೊಡ್ಡ ಸಹಾಯ.

ಆದರೆ ವಿಡಿಯೋ ಆಸೆ ಇದ್ದರೆ ಕ್ಯಾನನ್ನೇ ತಗೊಳ್ಳಿ. ಪರದೆ ಹೊರಕ್ಕೆ ತಿರುಗುತ್ತದೆ, ಬೆರಳಿಟ್ಟ ಕಡೆ ಫೋಕಸ್ ಆಗುತ್ತದೆ, ಹೊರಗಿನ ಮೈಕ್ ಸಿಕ್ಕಿಸಬಹುದು. ನಿಕಾನ್‌ನಲ್ಲಿ ಈ ಮೂರೂ ಇಲ್ಲ. ಕ್ಯಾನನ್‌ನಲ್ಲಿ 4ಕೆ (ಫುಲ್ ಎಚ್‌ಡಿಗಿಂತ ಹೆಚ್ಚು ಸ್ಪಷ್ಟತೆಯ ವಿಡಿಯೋ) ಇದೆ ಅಂತ ಮಾತ್ರ ಜಾಸ್ತಿ ಖುಷಿಪಡಬೇಡಿ, ಅದರಲ್ಲಿ ಚಿತ್ರದ ಅಂಚು ಕತ್ತರಿಸುತ್ತದೆ, ಫೋಕಸ್ಸೂ ನಿಧಾನ. ಫುಲ್ ಎಚ್‌ಡಿ ಸಾಕು.

ಲೆನ್ಸ್ ವಿಷಯ ಅನೇಕರಿಗೆ ಆಮೇಲೆ ಗೊತ್ತಾಗುತ್ತದೆ. ಡಿ3500 ಒಳಗೆ ಫೋಕಸ್ ಮೋಟಾರ್ ಇಲ್ಲ, ಅದು ಲೆನ್ಸ್‌ನಲ್ಲೇ ಇರಬೇಕು. ಮೋಟಾರ್ ಇಲ್ಲದ ಹಳೆಯ 50 ಎಂಎಂ ಎಫ್1.8ಡಿ ಲೆನ್ಸ್ ಹಾಕಿದರೆ ಕೈಯಿಂದಲೇ ಫೋಕಸ್ ತಿರುಗಿಸಬೇಕು, ಹಾಗಾಗಿ ಎಎಫ್-ಎಸ್ ಅಥವಾ ಎಎಫ್-ಪಿ ಅಂತ ಬರೆದಿರುವ, ಮೋಟಾರ್ ಇರುವ ಲೆನ್ಸನ್ನೇ ಕೊಳ್ಳಿ. ಕ್ಯಾನನ್‌ನಲ್ಲಿ ಈ ತಲೆನೋವಿಲ್ಲ.

ಇನ್ನೊಂದು, ಡಿ3500 ತಯಾರಿಕೆ ನಿಂತಿದೆ. ಬಳಸಿದ್ದನ್ನು ಕೊಳ್ಳುವುದಾದರೆ ಶಟರ್ ಎಷ್ಟು ಸಲ ಓಡಿದೆ, ಅಂದರೆ ಎಷ್ಟು ಫೋಟೋ ತೆಗೆದಿದೆ ಅಂತ ಕೇಳಿ, ಸೆನ್ಸಾರ್ (ಒಳಗೆ ಚಿತ್ರ ಹಿಡಿಯುವ ಭಾಗ) ಮೇಲೆ ಕಲೆ ಇದೆಯಾ ಅಂತ ನೋಡಿ, ಆಮೇಲೆ ದುಡ್ಡು ಕೊಡಿ.