ಓಬಿಎಸ್ ಜೊತೆ ನಾಲ್ಕು ವರ್ಷ: ‘ಒತ್ತಿ’ ಹೋಗಿ ‘ಒತ್’ ಆದ ಕಥೆ

ಮೊದಲೇ ಹೇಳಿಬಿಡುತ್ತೇನೆ, ಸ್ಕ್ರೀನ್ ರೆಕಾರ್ಡ್ ಮಾಡುವ ಓಬಿಎಸ್ ಅನ್ನೋ ಸಾಫ್ಟ್‌ವೇರ್ ಬಳಸುತ್ತೇನಾದರೂ ನಾನು ಯೂಟ್ಯೂಬರ್ ಅಲ್ಲ. ದಾವಣಗೆರೆಯಲ್ಲಿ ಅಂಗಡಿಗಳಿಗೆ, ಒಂದಷ್ಟು ಸೊಸೈಟಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಹಾಕಿಕೊಟ್ಟು, ಆಮೇಲೆ ವರ್ಷಪೂರ್ತಿ ಫೋನ್ ಎತ್ತುವವನು. ‘ಸಾರ್, ತಪ್ಪು ಬಿಲ್ ಹೊಡೆದುಬಿಟ್ಟೆ, ಕ್ಯಾನ್ಸಲ್ ಹೆಂಗೆ?’ ಈ ಒಂದೇ ಪ್ರಶ್ನೆಗೆ ದಿನಕ್ಕೆ ಆರೇಳು ಸಲ ಉತ್ತರ ಹೇಳಿ ಹೇಳಿ ಗಂಟಲು ಒಣಗಿತ್ತು. ಸ್ಕ್ರೀನ್ ಮೇಲೆ ಮಾಡಿ ತೋರಿಸಿ ವಿಡಿಯೊ ಕಳಿಸಿದರೆ ಮುಗೀತಲ್ಲ ಅಂದುಕೊಂಡೆ. ಮುಗಿಯಲಿಲ್ಲ, ಅದು ಬೇರೆ ಮಾತು.

ಓಬಿಎಸ್‌ಗೆ ಮುಂಚೆ ದುಡ್ಡು ಕೊಟ್ಟು ತಗೊಂಡ ಇನ್ನೊಂದು ಸಾಫ್ಟ್‌ವೇರ್ ಇತ್ತು. ಹೆಸರು ಬೇಡ. ಕೆಲಸ ಚೆನ್ನಾಗಿಯೇ ಮಾಡುತ್ತಿತ್ತು, ಆದರೆ ವರ್ಷದ ಚಂದಾ ಮುಗಿದ ಮಾರನೇ ದಿನ ನನ್ನದೇ ಹಳೆಯ ಪ್ರಾಜೆಕ್ಟ್ ತೆರೆಯಲು ಬಿಡಲಿಲ್ಲ. ನಾನು ಮಾತಾಡಿದ್ದು, ನನ್ನ ಸ್ಕ್ರೀನು, ಬೀಗ ಮಾತ್ರ ಅವರದ್ದು. ಆ ಸಿಟ್ಟಿನಲ್ಲೇ ಓಬಿಎಸ್ ಸ್ಟುಡಿಯೊ ಇಳಿಸಿಕೊಂಡೆ. ಆಟ ಆಡುವವರು ಲೈವ್ ಹೋಗಲಿ ಅಂತ 2012ರಲ್ಲಿ ಶುರುವಾದದ್ದು, ಪೂರ್ತಿ ಫ್ರೀ, ಸೋರ್ಸ್ ಕೋಡ್ ಕೂಡ ಎಲ್ಲರಿಗೂ ತೆರೆದಿಟ್ಟಿದ್ದಾರೆ. ಏನೇನಿದೆ ಅನ್ನೋ ಪಟ್ಟಿ ಎಲ್ಲ ಕಡೆ ಸಿಗುತ್ತದೆ, ನಾನು ಬರೆಯಲ್ಲ.

ಮೊದಲ ವಾರ ಬರೀ ಬೈದಿದ್ದೇನೆ. ಒಂದೇ ವಿಂಡೋವನ್ನು ಹಿಡಿಯುವ ವಿಂಡೋ ಕ್ಯಾಪ್ಚರ್ ಹಾಕಿ ಹದಿನೈದು ನಿಮಿಷ ರೆಕಾರ್ಡ್ ಮಾಡಿ ನೋಡಿದರೆ, ನಾನು ‘ಇಲ್ಲಿ ಲಿಸ್ಟ್ ಬರುತ್ತದೆ ನೋಡಿ’ ಅನ್ನುತ್ತಿದ್ದೇನೆ, ಲಿಸ್ಟೇ ಇಲ್ಲ! ಕರ್ಸರ್ ಖಾಲಿ ಜಾಗದಲ್ಲಿ ಏನನ್ನೋ ಹುಡುಕುತ್ತಿದೆ. ಕೆಳಗೆ ಇಳಿಯುವ ಮೆನುವನ್ನು ಎಷ್ಟೋ ಪ್ರೋಗ್ರಾಮುಗಳು ಬೇರೆಯೇ ವಿಂಡೋ ಆಗಿ ತೆರೆಯುತ್ತವೆ, ಹಾಗಾಗಿ ಅದು ಸಿಕ್ಕಿರಲಿಲ್ಲ. ಸಾಫ್ಟ್‌ವೇರ್ ತೋರಿಸುವವರು ಸುಮ್ನೆ ಡಿಸ್‌ಪ್ಲೇ ಕ್ಯಾಪ್ಚರ್ ಹಾಕಿಕೊಳ್ಳಿ, ಇಡೀ ಸ್ಕ್ರೀನ್ ಬರುತ್ತದೆ. ಇಡೀ ಸ್ಕ್ರೀನ್ ಅಂದರೆ ಇಡೀ ಸ್ಕ್ರೀನೇ. ನನ್ನ ಒಂದು ವಿಡಿಯೊದಲ್ಲಿ ಬಲಗಡೆ ಮೂಲೆಯಲ್ಲಿ ‘ಮೊಸರು ತಗೊಂಡು ಬನ್ನಿ’ ಅಂತ ಮನೆಯವಳ ವಾಟ್ಸ್ಆ್ಯಪ್ ಮೆಸೇಜ್ ಎದ್ದು ಬಂದಿದೆ. ಈಗ ನೋಟಿಫಿಕೇಶನ್ ಬಂದ್ ಮಾಡಿಯೇ ಕೂರುತ್ತೇನೆ.

ಇನ್ನೊಂದು ಪೆಟ್ಟು ಕರೆಂಟಿನದ್ದು. ಡೆಸ್ಕ್‌ಟಾಪ್, ಯುಪಿಎಸ್ ಬ್ಯಾಟರಿ ಸತ್ತು ಆರು ತಿಂಗಳಾಗಿತ್ತು, ನಾನು ಎಂಪಿ4ನಲ್ಲಿ ರೆಕಾರ್ಡ್ ಮಾಡುತ್ತಿದ್ದೆ. ಮಧ್ಯದಲ್ಲಿ ಕರೆಂಟ್ ಹೋಯಿತು. ಫೈಲ್ ಇದೆ, ಗಾತ್ರ ಇದೆ, ಓಡಲ್ಲ. ಮಾಮೂಲಿ ಎಂಪಿ4ನಲ್ಲಿ ಎಲ್ಲಿ ಏನಿದೆ ಅನ್ನೋ ಸೂಚಿಯನ್ನು ಕೊನೆಯಲ್ಲಿ ಬರೆಯುತ್ತಾರೆ, ಆ ಕೊನೆ ಬರಲೇ ಇಲ್ಲವಲ್ಲ. ಸೆಟ್ಟಿಂಗ್ಸ್‌ನಲ್ಲಿ ಎಚ್ಚರಿಕೆ ಕೊಟ್ಟಿದ್ದರು, ಓದದೇ ಹೋದದ್ದು ನಾನು. ಎಂಪಿ4 ಬದಲು ಎಂಕೆವಿ ಅನ್ನೋ ಫೈಲ್ ಮಾದರಿ ಇಟ್ಟುಕೊಂಡರೆ ಕರೆಂಟ್ ಹೋಗುವವರೆಗಿನದ್ದು ಉಳಿಯುತ್ತದೆ, ಆಮೇಲೆ ಫೈಲ್ ಮೆನುವಿನ ರೀಮಕ್ಸ್‌ನಲ್ಲಿ ಎಂಪಿ4 ಮಾಡಿಕೊಳ್ಳಬಹುದು, ಕೆಲವೇ ಸೆಕೆಂಡಿನ ಕೆಲಸ.

ಇಷ್ಟು ಆದಮೇಲೆ ಬಿಟ್ಟುಬಿಡಬೇಕಿತ್ತು. ಬಿಡದೇ ಇದ್ದದ್ದು ದನಿಯಿಂದ.

ನನ್ನ ಹತ್ತಿರ ಇರೋದು ಎರಡು ಸಾವಿರದೊಳಗಿನ ಕಾಲರ್ ಮೈಕು. ರೂಮಿನಲ್ಲಿ ಫ್ಯಾನ್, ಕಿಟಕಿಯಾಚೆ ಪಕ್ಕದ ಮನೆ ಮಿಕ್ಸಿ. ಮೈಕಿಗೆ ಫಿಲ್ಟರ್ ಹಾಕಬಹುದು ಅಂತ ಗೊತ್ತಾದ ದಿನ ಮಕ್ಕಳಿಗೆ ಬಣ್ಣದ ಡಬ್ಬಿ ಸಿಕ್ಕ ಹಾಗಾಯಿತು. ನಾಯ್ಸ್ ಗೇಟ್ ಹಾಕಿದೆ. ಇದು ಬಾಗಿಲು ಕಾಯುವವನ ಹಾಗೆ, ದನಿ ಒಂದು ಮಟ್ಟ ದಾಟಿದರೆ ಒಳಗೆ ಬಿಡುತ್ತದೆ, ಇಳಿದರೆ ಮುಚ್ಚುತ್ತದೆ. ಅದರ ಜೊತೆಗೇ ಬರುವ ಅಳತೆ ತೆರೆಯಲು ಮೈನಸ್ 26 ಡಿಬಿ (ಡೆಸಿಬೆಲ್, ಸೊನ್ನೆಗೆ ಹತ್ತಿರವಾದಷ್ಟೂ ದನಿ ಜೋರು), ಮುಚ್ಚಲು ಮೈನಸ್ 32. ಫ್ಯಾನಿನ ಸದ್ದು ಪೂರ್ತಿ ಹೋಗಲಿ ಅಂತ ನಾನು ಇನ್ನೂ ಮೇಲಕ್ಕೆ ಎಳೆದೆ. ಮಾತಿನ ನಡುವೆ ಎಂಥ ನಿಶ್ಶಬ್ದ ಅಂತೀರಿ! ಖುಷಿಯಲ್ಲಿ ಹನ್ನೊಂದು ವಿಡಿಯೊ ಮಾಡಿ ಹಾಕಿದೆ.

ಹರಿಹರದ ಒಬ್ಬ ಗ್ರಾಹಕರು ಫೋನ್ ಮಾಡಿ, ‘ಸಾರ್, ನೀವ್ಯಾಕೆ ಮಾತು ನುಂಗ್ತೀರಿ, ಹಲ್ಲು ನೋವಾ?’ ಅಂದರು. ಹೆಡ್‌ಫೋನ್ ಹಾಕಿ ಕೇಳಿದೆ. ‘ಸೇವ್ ಬಟನ್ ಒತ್ತಿ’ ಅಂದದ್ದು ‘ಸೇವ್ ಬಟನ್ ಒತ್’ ಆಗಿತ್ತು. ಹನ್ನೊಂದರಲ್ಲೂ ಒತ್, ಒತ್, ಒತ್. ನಮ್ಮ ಮಾತುಗಳು ಹೆಚ್ಚುಕಡಿಮೆ ಎಲ್ಲವೂ ಸ್ವರದಲ್ಲೇ ಮುಗಿಯುತ್ತವೆ, ಆ ಕೊನೆಯ ‘ಇ’, ‘ಉ’ಗಳನ್ನು ನಾವು ಮೆತ್ತಗೆ ಬಿಡುತ್ತೇವೆ. ಅದರಲ್ಲೂ ‘ತ್ತ’ ಅನ್ನುವಾಗ ನಾಲಿಗೆ ಹಲ್ಲಿಗೆ ತಾಗಿ ಒಂದು ಕ್ಷಣ ಸದ್ದೇ ಇರಲ್ಲ. ಅಷ್ಟರಲ್ಲಿ ಗೇಟು ಮುಚ್ಚಿಕೊಳ್ಳಲು ಶುರು ಮಾಡಿರುತ್ತದೆ, ಹಿಂದೆ ಬರುವ ಬಡಪಾಯಿ ‘ಇ’ಗೆ ಅದನ್ನು ಮತ್ತೆ ತೆರೆಸುವಷ್ಟು ಬಲ ಇಲ್ಲ. ಇಂಗ್ಲಿಷ್ ಟ್ಯುಟೋರಿಯಲ್ ನೋಡಿ ಕಲಿತವನಿಗೆ ಇದನ್ನು ಯಾರು ಹೇಳಬೇಕು?

ಈಗ ನನ್ನ ಅಳತೆ ಹೀಗಿದೆ. ಮೇಲೆ ಹಿನ್ನೆಲೆ ಸದ್ದು ತಗ್ಗಿಸುವ ನಾಯ್ಸ್ ಸಪ್ರೆಶನ್ ಫಿಲ್ಟರ್, ಅದರಲ್ಲಿ ಆರ್‌ಎನ್‌ನಾಯ್ಸ್ ಅನ್ನೋ ಆಯ್ಕೆ. ಫ್ಯಾನಿನ ಗುಂಯ್ ಹೋಗುತ್ತದೆ. ಪಕ್ಕದ ಮನೆ ಜಗಳ ಹೋಗಲ್ಲ, ಅದೂ ಮಾತೇ ತಾನೇ. ಅದರ ಕೆಳಗೆ ಗೇಟು, ಮುಚ್ಚುವುದು ಮೈನಸ್ 45ಕ್ಕೆ ಇಳಿಸಿದ್ದೇನೆ, ತೆರೆಯುವುದು ಮೈನಸ್ 40ಕ್ಕೆ, ಹೋಲ್ಡ್, ಅಂದರೆ ದನಿ ಇಳಿದ ಮೇಲೂ ಗೇಟು ತೆರೆದೇ ಇರುವ ಹೊತ್ತು, 200 ಮಿಲಿಸೆಕೆಂಡ್ ಇದ್ದದ್ದನ್ನು 350 ಮಾಡಿದ್ದೇನೆ. ಕೊನೆಯಲ್ಲಿ ದನಿಯ ಏರಿಳಿತ ಕಡಿಮೆ ಮಾಡುವ ಕಂಪ್ರೆಸರ್. ಮೀಟರಿನಲ್ಲಿ ಮೈನಸ್ 20ರವರೆಗೆ ಹಸಿರು, ಅಲ್ಲಿಂದ ಮೈನಸ್ 9ರವರೆಗೆ ಹಳದಿ, ಮೇಲೆ ಕೆಂಪು. ನನ್ನ ದನಿ ಹಳದಿಯಲ್ಲಿ ಓಡಾಡಿಕೊಂಡಿದ್ದರೆ ಸಾಕು. ಹೊಸ ವಿಡಿಯೊಗೆ ಮುಂಚೆ ‘ಒತ್ತಿ, ಬರೆಯಿರಿ, ಮುಚ್ಚಿ, ಸಾಕು’ ಅಂತ ನಾಲ್ಕು ಮಾತು ರೆಕಾರ್ಡ್ ಮಾಡಿ ಕೇಳುತ್ತೇನೆ. ಮನೆಯಲ್ಲಿ ಇದನ್ನು ನನ್ನ ಸುಪ್ರಭಾತ ಅನ್ನುತ್ತಾರೆ.

ಯಾಕೆಂದರೆ ಇದೆಲ್ಲ ನಡೆಯುವುದು ಬೆಳಗ್ಗೆ ಐದೂವರೆಗೆ. ಕಾಫಿ ಲೋಟವನ್ನು ಟವೆಲ್ ಮೇಲೆ ಇಡುತ್ತೇನೆ, ಮೇಜಿನ ಮೇಲಿಟ್ಟರೆ ಟಕ್ ಅನ್ನುತ್ತದೆ. ಹಾಳೆಯಲ್ಲಿ ಎರಡು ಕಾಲಂ, ಎಡಕ್ಕೆ ಸ್ಕ್ರೀನಿನಲ್ಲಿ ಏನು ಕಾಣಬೇಕು, ಬಲಕ್ಕೆ ಏನು ಹೇಳಬೇಕು. ಇದನ್ನು ಕಲಿತದ್ದು ಐಐಟಿ ಬಾಂಬೆಯವರ ಸ್ಪೋಕನ್ ಟ್ಯುಟೋರಿಯಲ್‌ನಿಂದ. ಅವರ ಪಾಠಗಳು ಕನ್ನಡದಲ್ಲೂ ಇವೆ, ಸುಮಾರು ಹತ್ತು ನಿಮಿಷದವು, ಒಂದು ಕಡೆ ನೋಡುತ್ತಾ ಇನ್ನೊಂದು ಕಡೆ ಮಾಡುತ್ತಾ ಕಲಿಯುವ ಹಾಗೆ ಮಾಡಿದ್ದಾರೆ. ನನ್ನ ಜನಕ್ಕೆ ಹತ್ತು ನಿಮಿಷವೂ ಜಾಸ್ತಿ, ಮೂರಕ್ಕೆ ನಿಲ್ಲಿಸುತ್ತೇನೆ.

ಮಾತು ತಪ್ಪಿದರೆ ಪಾಝ್, ಅಂದರೆ ರೆಕಾರ್ಡಿಂಗನ್ನು ಅಲ್ಲೇ ತಡೆದು ನಿಲ್ಲಿಸುವುದು. 2019ರಲ್ಲಿ ಬಂದ 24ನೇ ಆವೃತ್ತಿಯಿಂದ ಈ ಪಾಝ್ ಇದೆ, ನನ್ನ ಪಾಲಿಗೆ ಇದರಷ್ಟು ದೊಡ್ಡ ಉಪಕಾರ ಇನ್ನೊಂದಿಲ್ಲ. ಒಂದು ಕೀಗೆ ಕಟ್ಟಿಕೊಂಡಿದ್ದೇನೆ. ಪಾಝ್ ಒತ್ತುವ ಮುಂಚೆ ಕರ್ಸರನ್ನು ಬಲಗಡೆ ಕೆಳಮೂಲೆಗೆ ತಂದು ನಿಲ್ಲಿಸುತ್ತೇನೆ, ಕೆಮ್ಮಿ, ನೀರು ಕುಡಿದು, ಮತ್ತೆ ಅದೇ ಮೂಲೆಯಿಂದ ಶುರು. ಇಲ್ಲದಿದ್ದರೆ ವಿಡಿಯೊದಲ್ಲಿ ಕರ್ಸರ್ ಕಪ್ಪೆ ಹಾರಿದ ಹಾಗೆ ಹಾರುತ್ತದೆ. ಹೀಗೆ ಮಾಡಿದರೆ ಎಡಿಟಿಂಗ್ ಹೆಚ್ಚುಕಡಿಮೆ ಬೇಕಾಗಲ್ಲ. ಬೇಕಾದರೆ ಬೇರೆ ಸಾಫ್ಟ್‌ವೇರ್ ಹುಡುಕಬೇಕು, ಓಬಿಎಸ್‌ನಲ್ಲಿ ಕತ್ತರಿ ಇಲ್ಲ. ದೊಡ್ಡದು ಮಾಡಿ ತೋರಿಸಲು ಝೂಮ್‌ಇಟ್ ಇಟ್ಟುಕೊಂಡಿದ್ದೇನೆ, ಅದೂ ಫ್ರೀ, ಕಂಟ್ರೋಲ್ ಹಿಡಿದು 1 ಒತ್ತಿದರೆ ಸ್ಕ್ರೀನ್ ಹಿಗ್ಗುತ್ತದೆ.

ಹಿಗ್ಗಿಸಲೇಬೇಕು, ಯಾಕೆಂದರೆ ನೋಡುವವರೆಲ್ಲ ಫೋನಿನಲ್ಲಿ, ಗಿರಾಕಿ ಎದುರಿಗೆ ನಿಂತಿರುವಾಗ ನೋಡುತ್ತಾರೆ. ನನ್ನದು 1366×768 ಮಾನಿಟರ್. ಅದನ್ನು 1920×1080ಕ್ಕೆ ಎಳೆದು ‘ಫುಲ್ ಎಚ್‌ಡಿ’ ಅಂತ ಬೀಗಿದ್ದೆ, ಅಕ್ಷರಗಳೆಲ್ಲ ಮಳೆಗೆ ನೆಂದ ಪೇಪರ್. ಈಗ ಮಾನಿಟರನ್ನೇ 1280×720ಕ್ಕೆ ಇಳಿಸಿ, ಅಷ್ಟೇ ಅಳತೆಯಲ್ಲಿ ರೆಕಾರ್ಡ್ ಮಾಡುತ್ತೇನೆ, ಕೆತ್ತಿದ ಹಾಗೆ ಬರುತ್ತದೆ. ಕೆಂಪು ಅಕ್ಷರ ಮಾತ್ರ ಈಗಲೂ ಸ್ವಲ್ಪ ಹರಡುತ್ತದೆ. ಮಾಮೂಲಿ ವಿಡಿಯೊದಲ್ಲಿ ಬಣ್ಣವನ್ನು ನಾಲ್ಕು ಚುಕ್ಕೆಗೆ ಒಂದರಂತೆ ಉಳಿಸುತ್ತಾರೆ, ಅದಕ್ಕೆ. ಕೆಂಪಿನಲ್ಲಿದ್ದ ಬಾಕಿ ಮೊತ್ತವನ್ನು ಕಪ್ಪು ಬೋಲ್ಡ್ ಮಾಡಿಸಿದೆ. ವಾಟ್ಸ್ಆ್ಯಪ್‌ನಲ್ಲಿ ವಿಡಿಯೊ ಅಂತ ಕಳಿಸಬೇಡಿ, ಹಿಂಡಿಬಿಡುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿ.

ತಿಂಗಳಿಗೆ ಒಂದು ವಿಡಿಯೊ ಮಾಡುವವರು, ಬಟನ್ ಒತ್ತಿದ ತಕ್ಷಣ ಚಂದ ಕಾಣಬೇಕು ಅನ್ನುವವರು, ಕಂಪನಿ ದುಡ್ಡು ಕೊಡುತ್ತದೆ ಅಂದರೆ ಬೇರೆಯದ್ದೇ ತಗೊಳ್ಳಿ, ಓಬಿಎಸ್‌ನ ಡಬ್ಬಿಗಳಲ್ಲಿ ಕಳೆದುಹೋಗುತ್ತೀರಿ. ನನಗೆ ನಾಲ್ಕು ವರ್ಷದಲ್ಲಿ ಖರ್ಚಾದದ್ದು ಆ ಮೈಕು ಮತ್ತು ಯುಪಿಎಸ್ ಬ್ಯಾಟರಿ. ಆ ಹನ್ನೊಂದು ವಿಡಿಯೊದಲ್ಲಿ ಹತ್ತನ್ನು ಹೊಸದಾಗಿ ಮಾಡಿದ್ದೇನೆ. ಬಿಲ್ ಕ್ಯಾನ್ಸಲ್‌ದು ಬಾಕಿ ಇದೆ, ಮೆನು ಬೇರೆ ಬದಲಾಗಿದೆ. ನಾಳೆ ಐದೂವರೆಗೆ ಅಲಾರಂ ಇಟ್ಟಿದ್ದೇನೆ.