ಎಂಟಿಆರ್, ಲಾಲ್‌ಬಾಗ್ ರಸ್ತೆ: ರವೆ ಇಡ್ಲಿಗಿಂತ ನಂಗೆ ಹಿಡಿಸಿದ್ದು ಆ ನಷ್ಟದ ಬೋರ್ಡು

ಬೆಂಗ್ಳೂರಿನ ಹಳೇ ತಿಂಡಿ ಹೋಟ್ಲು ಎಂಟಿಆರ್‌ಗೆ ಇನ್ನೊಂದು ರಿವ್ಯೂ ಯಾರಿಗೂ ಬೇಕಾಗಿಲ್ಲ ಅಂತ ಗೊತ್ತು. ದೋಸೆ ಹೇಗಿದೆ, ಕ್ಯೂ ಎಷ್ಟುದ್ದ ಇದೆ ಅಂತ ಸಾವಿರ ಜನ ಬರ್ದಿದ್ದಾರೆ. ನಾನು ಬರೀತಿರೋ ಕಾರಣ ಬೇರೆ. ನಮ್ಮಾಫೀಸಲ್ಲಿ ಬಿಸಿನೆಸ್ ಎಥಿಕ್ಸ್ ಅಂತ ಟ್ರೈನಿಂಗ್ ಇಟ್ಟಿದ್ರು, ಲೆಕ್ಕದಲ್ಲಿ ಮೋಸ ಮಾಡಿದ ಎನ್ರಾನ್ ಬಂತು, ಸತ್ಯಂ ಬಂತು, ಹೊಗೆ ಪರೀಕ್ಷೇಲಿ ಮೋಸ ಮಾಡಿದ ಫೋಕ್ಸ್‌ವ್ಯಾಗನ್ ಕಥೆ ಬಂತು, ಎಲ್ಲಾ ಸಿಕ್ಕಿಬಿದ್ದವರ ಕಥೆನೇ. ಕಷ್ಟ ಬಂದಾಗ ಸರಿಯಾಗಿ ನಡ್ಕೊಂಡೋರು ಹೇಗೆ ನಡ್ಕೊಂಡ್ರು, ಅದಕ್ಕೆ ಎಷ್ಟು ಕೈ ಬಿಡ್ತು ಅನ್ನೋದಕ್ಕೆ ಒಂದು ಸ್ಲೈಡೂ ಇರ್ಲಿಲ್ಲ ಕಣ್ರೀ. ಅಂಥದ್ದೊಂದು ಉದಾಹರಣೆ ಈ ಹೋಟ್ಲು ಇರೋ ಮಾವಳ್ಳೀಲೇ ಇದೆ, ತುಪ್ಪದ ಸಮೇತ.

ಮೊದ್ಲು ತಿಂಡಿ. ರವೆ ಇಡ್ಲಿ ತಗೊಳ್ಳಿ, ಯೋಚ್ನೆನೇ ಬೇಡ. ಮೇಲೆ ಗೋಡಂಬಿ, ಪಕ್ಕದಲ್ಲಿ ಆಲೂಗಡ್ಡೆ ಸಾಗು, ಚಟ್ನಿ, ಪುಟ್ಟ ಬಟ್ಟಲಲ್ಲಿ ಕರಗಿದ ತುಪ್ಪ. ಆ ತುಪ್ಪಾನ ಒಂದೇ ಸಲ ಸುರೀಬೇಡಿ, ಇಡ್ಲಿ ಮುರಿದು ಮುರಿದು ಮುರಿದ ಕಡೆಗೆ ಹಾಕ್ಕೊಳ್ಳಿ, ಹೀರ್ಕೊಳ್ಳತ್ತೆ. ಎರಡನೇ ಮಹಾಯುದ್ಧದ ಟೈಮಲ್ಲಿ ಅಕ್ಕಿ ಸಿಗದೇ ಇದ್ದಾಗ ರವೆಯಲ್ಲಿ ಇಡ್ಲಿ ಮಾಡಿ ನೋಡಿದ್ದು ನಾವೇ ಅಂತ ಎಂಟಿಆರ್‌ನವರು ಹೇಳ್ತಾರೆ. ದೋಸೆ ದಪ್ಪ, ಹೊರಗೆ ಕೆಂಪಗೆ ಗರಿಗರಿ, ಒಳಗೆ ಮೆತ್ತಗೆ. ಕಾಗದದ ಥರ ಇರೋ ದೋಸೆ ಇಷ್ಟಪಡೋರಿಗೆ ಇದು ಹಿಡಿಸಲ್ಲ, ಅದು ಅವರವರ ನಾಲಿಗೆ. ಕಾಫಿ ಬಗ್ಗೆ ಏನೂ ಹೇಳಲ್ಲ, ಕುಡೀರಿ.

ಈಗ ವಿಷಯಕ್ಕೆ. 1924ರಲ್ಲಿ ಮೈಯ ಮನೆತನದವರು ಬ್ರಾಹ್ಮಿನ್ ಕಾಫಿ ಕ್ಲಬ್ ಅಂತ ಶುರು ಮಾಡಿದ್ದು ಇದು. 1951ರಲ್ಲಿ ಯಜ್ಞನಾರಾಯಣ ಮೈಯರು ಯುರೋಪ್ ಸುತ್ತಿ ಬಂದ್ರು, ಅಲ್ಲಿನ ಹೋಟ್ಲುಗಳ ಶುಚಿ ನೋಡಿ ತಲೆ ತಿರುಗ್ತೋ ಏನೋ, ಬಂದವ್ರೇ ಪಾತ್ರೆಗಳನ್ನ ಹಬೆಯಲ್ಲಿ ತೊಳೆಸೋಕೆ ಶುರು ಮಾಡಿದ್ರು, ಮುಂದೆ ಕೆಲವು ವರ್ಷಕ್ಕೆ ಹೆಸರೂ ಮಾವಳ್ಳಿ ಟಿಫಿನ್ ರೂಮ್ಸ್, ಅಂದ್ರೆ ಎಂಟಿಆರ್, ಅಂತ ಬದಲಾಯ್ತು. ಗಿರಾಕಿಗಳು ಅಡುಗೆಮನೆ ನೋಡ್ಕೊಂಡು ಹೋಗ್ಲಿ ಅಂತ ಬಾಗಿಲು ತೆಗೆದಿಟ್ರು. ನನಗೆ ಇದು ತುಂಬಾ ದೊಡ್ಡದಾಗಿ ಕಾಣ್ಸೋದು ಯಾಕಂದ್ರೆ, ಅಡುಗೆಯೋನಿಗೆ ‘ಪ್ರಾಮಾಣಿಕವಾಗಿರಪ್ಪಾ’ ಅಂತ ದಿನಾ ಭಾಷಣ ಬಿಗಿಯೋ ಬದಲು ತಿನ್ನೋರ ಕಣ್ಣನ್ನ ಒಲೆ ಮುಂದೆ ತಂದು ನಿಲ್ಲಿಸಿದ್ರು. ಹಳಸಿದ ಹಿಟ್ಟು ಬೆರೆಸೋಕೆ, ಕರಿದ ಎಣ್ಣೇನೇ ಮತ್ತೆ ಕಾಯಿಸೋಕೆ ಆಮೇಲೆ ಕೈ ಬರತ್ತಾ? ಮನುಷ್ಯ ಒಳ್ಳೆಯವನಾ ಕೆಟ್ಟವನಾ ಅನ್ನೋ ಪ್ರಶ್ನೆನೇ ಅಲ್ಲಿ ಪಕ್ಕಕ್ಕೆ ಹೋಯ್ತು.

ಆಮೇಲೆ 1975, ಎಮರ್ಜೆನ್ಸಿ. ಹೋಟ್ಲು ತಿಂಡಿ ಇಷ್ಟೇ ರೇಟಿಗೆ ಮಾರಬೇಕು ಅಂತ ಸರ್ಕಾರದ ಕಟ್ಟು ಬಂತು. ಒಂದ್ನಿಮಿಷ ಗಲ್ಲಾಪೆಟ್ಟಿಗೆ ಹಿಂದೆ ನೀವೇ ಕೂತಿದೀರಿ ಅನ್ಕೊಳ್ಳಿ. ರೇಟು ಸರ್ಕಾರದ್ದು, ತುಪ್ಪ ನಿಮ್ದು. ತುಪ್ಪದ ಜಾಗಕ್ಕೆ ಡಾಲ್ಡಾ ಹಾಕ್ಬಹುದು, ಸಾಂಬಾರಿಗೆ ಇನ್ನೊಂದು ಕೊಡ ನೀರು ಹುಯ್ಬಹುದು, ದೋಸೆ ಒಂದಂಗುಲ ಚಿಕ್ಕದು ಮಾಡ್ಬಹುದು, ಯಾವ ಇನ್ಸ್‌ಪೆಕ್ಟರೂ ಕೇಳಲ್ಲ, ಕಾನೂನಿಗೆ ಬೇಕಾಗಿದ್ದು ರೇಟು ಅಷ್ಟೇ. ಎಂಟಿಆರ್‌ನವರು ಅದ್ಯಾವ್ದೂ ಮಾಡ್ದೆ ಅದೇ ತಿಂಡೀನ ಆ ರೇಟಿಗೇ ಕೊಟ್ಟು, ಇವತ್ತು ಇಷ್ಟು ನಷ್ಟ ಆಯ್ತು ಅಂತ ಬಾಗಿಲಲ್ಲಿ ಬೋರ್ಡು ಹಾಕ್ತಿದ್ರಂತೆ. ಕೊನೆಗೆ ಆಗಲ್ಲ ಅಂತ ಹೋಟ್ಲು ಮುಚ್ಚಿದ್ರು. ಕೆಲಸದವ್ರನ್ನ ಕೈಬಿಡಬಾರ್ದು ಅಂತ ಪುಡಿ, ರೆಡಿ ಮಿಕ್ಸ್ ಮಾಡಿ ಮಾರೋಕೆ ಇಳಿದ್ರು, ಇವತ್ತು ನಮ್ಮನೆ ಅಡುಗೆಮನೇಲಿರೋ ಪ್ಯಾಕೆಟ್‌ಗಳ ವಂಶ ಬೆಳೆದಿದ್ದು ಅಲ್ಲಿಂದ. ಹೋಟ್ಲು ಮತ್ತೆ ತೆರೆದಿದ್ದು ಎಂಬತ್ತರ ದಶಕದಲ್ಲಿ.

ಆ ಬೋರ್ಡು ನಂಗೆ ಯಾಕೆ ಇಷ್ಟ ಅಂದ್ರೆ 2017 ನೆನಪು ಮಾಡ್ಕೊಳ್ಳಿ. ನವೆಂಬರ್ 15ಕ್ಕೆ ಹೋಟ್ಲು ಜಿಎಸ್‌ಟಿ 5 ಪರ್ಸೆಂಟಿಗೆ ಇಳೀತು, ಅದಕ್ಕೂ ಮುಂಚೆ ಎಸಿ ಹೋಟ್ಲಿಗೆ 18 ಇತ್ತು. ನಾನು ರೆಗ್ಯುಲರ್ ಆಗಿ ಹೋಗ್ತಿದ್ದ ಒಂದು ಹೋಟ್ಲಲ್ಲಿ (ಹೆಸರು ಬೇಡ ಬಿಡಿ) ತೆರಿಗೆ ಇಳೀತು, ಬಿಲ್ ಇಳೀಲಿಲ್ಲ. ಮೆನು ಕಾರ್ಡಲ್ಲಿ ಹಳೇ ರೇಟಿನ ಮೇಲೆ ಸ್ಟಿಕ್ಕರ್ ಅಂಟಿಸಿದ್ರು, ಉಗುರಲ್ಲಿ ಕೆರೆದ್ರೆ ಕೆಳಗಿಂದು ಕಾಣ್ತಿತ್ತು. ಅವರ ಕಡೆ ನ್ಯಾಯ ಇಲ್ವಾ ಅಂದ್ರೆ ಇದೆ, ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ (ಹೋಟ್ಲಿನವ್ರು ತಮ್ಮ ಖರ್ಚಿನ ಮೇಲೆ ಕಟ್ಟಿದ ತೆರಿಗೇನ ಮುರ್ಕೊಳ್ಳೋ ಸೌಲಭ್ಯ) ಅದೇ ಏಟಿಗೆ ಕಿತ್ಕೊಂಡ್ರು, ಬಾಡಿಗೆ ಮೇಲೆ ಕಟ್ಟಿದ ತೆರಿಗೆ ವಾಪಸ್ ಬರಲ್ಲ, ಖರ್ಚು ನಿಜವಾಗ್ಲೂ ಜಾಸ್ತಿ ಆಯ್ತು. ಹಾಗಿದ್ರೆ ಅದನ್ನೇ ಒಂದು ಹಾಳೇಲಿ ಬರ್ದು ಕೌಂಟರ್ ಮೇಲೆ ಅಂಟಿಸೋಕೆ ಏನು ಕಷ್ಟ? ರೇಟು ಏರಿಸಿದ್ದಕ್ಕೆ ನನ್ನ ತಕರಾರಿಲ್ಲ, ಕದ್ದು ಏರಿಸಿದ್ದಕ್ಕೆ ಇದೆ. ಆಫೀಸುಗಳಲ್ಲೂ ಇದೇ ತಾನೇ, ಸಣ್ಣ ಸಪ್ಲೈಯರ್ ದುಡ್ಡು 45 ದಿನದೊಳಗೆ ಕೊಡ್ಬೇಕು ಅಂತ ಕಾನೂನಿದೆ, ತಿಂಗಳುಗಟ್ಲೆ ಕೂತಿರತ್ತೆ, ಕೇಳಿದ್ರೆ ‘ಸಿಸ್ಟಂನಲ್ಲಿ ಪೆಂಡಿಂಗ್ ಸರ್’. ದುಡ್ಡಿಲ್ಲ ಅಂತ ನೇರವಾಗಿ ಹೇಳೋ ಮ್ಯಾನೇಜರ್‌ನ ನಾನಿನ್ನೂ ನೋಡ್ಬೇಕು.

ಹಾಗಂತ ಎಂಟಿಆರ್ ಕಥೇಗೆ ಪೂರ್ತಿ ಕೈ ಮುಗಿಯೋಕೂ ನಾನು ರೆಡಿ ಇಲ್ಲ. ಒಂದು, ಅಷ್ಟು ದಿನ ನಷ್ಟ ತಿಂದು ಕೊನೆಗೆ ಬಾಗಿಲು ಹಾಕೋ ತಾಕತ್ತು ಹೆಸರು, ಬಂಡವಾಳ ಇದ್ದೋರಿಗೆ ಇರತ್ತೆ, ಸಾಲ ಮಾಡಿ ಬಾಡಿಗೆ ಜಾಗದಲ್ಲಿ ನಾಲ್ಕು ಟೇಬಲ್ ಹಾಕ್ಕೊಂಡಿದ್ದೋನು ಏನ್ ಮಾಡ್ಬೇಕಿತ್ತು? ಅವನು ಸಾಂಬಾರಿಗೆ ನೀರು ಹಾಕಿದ್ರೆ ನಾನಂತೂ ಬೈಯಲ್ಲ. ಎರಡು, ಈ ಕಥೆ ನಾನು ಓದಿರೋದೆಲ್ಲಾ ಮಾಲೀಕರ ಕಡೆಯಿಂದಾನೇ. ಲೋಟ ತೊಳೀತಿದ್ದೋರು, ಹಿಟ್ಟು ರುಬ್ತಿದ್ದೋರು ಹೋಟ್ಲು ಮುಚ್ಚಿದ ಆ ವರ್ಷಗಳನ್ನ ಹೇಗೆ ಹೇಳ್ತಿದ್ರೋ. ಮೂರು, ಶುರುವಿನ ಹೆಸರಲ್ಲೇ ಒಂದು ಜಾತಿ ಇತ್ತು ಅನ್ನೋದನ್ನ ನಾಸ್ಟಾಲ್ಜಿಯಾ ಲೇಖನಗಳು ಮುದ್ದಾಗಿ ಬರೀತಾವೆ. ಆ ಕಾಲದ ಬೆಂಗ್ಳೂರಲ್ಲಿ ಅದು ಮಾಮೂಲು ಇರ್ಬಹುದು, ಮುದ್ದಂತೂ ಅಲ್ಲ.

ಇನ್ನೊಂದು ಕನ್ಫ್ಯೂಷನ್ ತುಂಬಾ ಜನಕ್ಕಿದೆ. ಪ್ಯಾಕೆಟ್ ಮಾರೋ ಎಂಟಿಆರ್ ಫುಡ್ಸ್ ಬೇರೆ, ಈ ಹೋಟ್ಲು ಬೇರೆ. 2007ರಲ್ಲಿ ಫುಡ್ಸ್ ಕಂಪನೀನ ನಾರ್ವೆಯ ಆರ್ಕ್ಲಾ ಕೊಂಡ್ಕೊಳ್ತು, ಹೋಟ್ಲು ಮನೆಯವರ ಹತ್ರಾನೇ ಉಳೀತು, ಈಗ ಹೇಮಮಾಲಿನಿ ಮೈಯ ಮತ್ತೆ ಅವರ ತಮ್ಮಂದಿರು ನಡೆಸ್ತಾರೆ. ಸೋ ಪ್ಯಾಕೆಟ್ ಗುಲಾಬ್ ಜಾಮೂನ್ ಒಡೆದ್ರೆ ಲಾಲ್‌ಬಾಗ್ ರಸ್ತೆಗೆ ಒಂದು ಸ್ಟಾರ್ ಕೊಟ್ಟು ಬರ್ಬೇಡಿ ಮಾರಾಯ್ರೆ, ಯಾರೋ ಹಾಗೆ ಕೊಟ್ಟಿದ್ದನ್ನ ನಾನು ನೋಡಿದೀನಿ.

ಹೋಗೋರಿಗೆ: ಸೋಮವಾರ ರಜೆ. ಭಾನುವಾರ ಬೆಳಗ್ಗೆ ಅವಸರ ಇರೋರು ಹೋಗ್ಲೇಬೇಡಿ, ಹೆಸರು ಬರೆಸಿ ಕಾಯೋ ತಾಳ್ಮೆ ಬೇಕು, ಆದ್ರೆ ಚಂದ್ರಹಾರ ಅನ್ನೋ ಸಿಹಿತಿಂಡಿ ಸಿಗೋದು ಭಾನುವಾರಾನೇ, ಅದೊಂದು ಇಕ್ಕಟ್ಟು. ಗುರುತಿಲ್ಲದವರ ಜೊತೆ ಟೇಬಲ್ ಹಂಚ್ಕೋಬೇಕಾಗತ್ತೆ, ಎದುರುಗಡೆ ತಾತ ಪೇಪರ್ ಓದ್ತಿದ್ರೆ ಮಾತಾಡ್ಸಿ, ಎಪ್ಪತ್ತೈದರ ಬೋರ್ಡ್ ನೋಡಿದ್ದೋರು ಸಿಕ್ರೂ ಸಿಗ್ಬಹುದು, ಸಿಕ್ರೆ ಅದ್ರಲ್ಲಿ ಏನ್ ಬರ್ದಿರ್ತಿತ್ತು ಅಂತ ಕೇಳಿ ನಂಗೂ ಹೇಳಿ. ತಿಂಡಿಗೆ ನಾಲ್ಕೂವರೆ ಸ್ಟಾರ್. ಅರ್ಧ ಕಟ್ ಮಾಡಿದ್ದು ದೋಸೆ ಒಂದು ತಿಂದ್ರೆ ಇನ್ನೊಂದಕ್ಕೆ ಹೊಟ್ಟೇಲಿ ಜಾಗ ಇರಲ್ಲ ಅಂತ.