ಸತ್ಯವೇದದ ಆ್ಯಪ್: ಎಂಟು ತಿಂಗಳು ಕೇಳಿದ ದರ್ಜಿಯ ಮಾತು

ನಾನು ದರ್ಜಿ. ಹೊಲಿಗೆ ಯಂತ್ರದ ಮುಂದೆ ಕುಳಿತರೆ ಕಣ್ಣು, ಕೈ, ಕಾಲು ಮೂರಕ್ಕೂ ಕೆಲಸ. ಬಿಡುವಿರುವುದು ಕಿವಿಗೆ ಮಾತ್ರ. ಅದಕ್ಕೆಂದೇ ಸತ್ಯವೇದವನ್ನು (ಬೈಬಲನ್ನು) ಓದಿ ಹೇಳುವ ಒಂದು ಆ್ಯಪನ್ನು ಮೊಬೈಲಿಗೆ ಹಾಕಿಕೊಂಡು ಎಂಟು ತಿಂಗಳಾಯಿತು. ಅದರಲ್ಲಿ ದೇವರ ಸತ್ಯತೆಯ ಬಗ್ಗೆ ಮೂವತ್ತು ದಿನಗಳ ಪಾಠಮಾಲೆಯಿದೆ. ಎರಡು ಸಲ ಪೂರ್ತಿ ಕೇಳಿದ್ದೇನೆ. ಮುಖ್ಯವಾಗಿ ಅದರ ಬಗ್ಗೆಯೇ ಬರೆಯುತ್ತಿದ್ದೇನೆ.

ಈ ವಿಷಯವೇ ನನ್ನನ್ನು ಹಿಡಿದು ಕೂರಿಸಲು ಕಾರಣವಿದೆ. ನನ್ನ ಬಾಯಲ್ಲಿ ಅತಿ ಹೆಚ್ಚು ಬರುತ್ತಿದ್ದ ಪದ ‘ನಾಳೆ’. ಬಟ್ಟೆಗೆ ಇನ್ನೂ ಕತ್ತರಿ ತಾಗಿರುವುದಿಲ್ಲ, ಗಂಟು ಬಿಚ್ಚದೆ ಮೂಲೆಯಲ್ಲಿ ಬಿದ್ದಿರುತ್ತದೆ. ಆದರೂ ‘ಗುಂಡಿ ಹಾಕುವುದೊಂದೇ ಬಾಕಿ, ನಾಳೆ ಬನ್ನಿ’ ಎನ್ನುತ್ತಿದ್ದೆ. ಇದನ್ನು ಸುಳ್ಳು ಎಂದು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಭಾನುವಾರ ಆರಾಧನೆಯಲ್ಲಿ ದೇವರು ಸುಳ್ಳಾಡಲಾರನು ಎಂದು ಹಾಡಿ, ಸೋಮವಾರ ಬೆಳಿಗ್ಗೆ ಅಂಗಡಿಯ ಬಾಗಿಲಲ್ಲೇ ಸುಳ್ಳಾಡುತ್ತಿದ್ದೆ.

ಆ್ಯಪಿನಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಂಡದ್ದು ಪದದ ಮೇಲೆ ಬೆರಳೊತ್ತಿದರೆ ಮೂಲ ಭಾಷೆಯ ಪದವನ್ನು ತೋರಿಸುವ ಸೌಲಭ್ಯ. ನಾಲ್ಕನೆಯ ದಿನದ ಪಾಠ ವಿಮೋಚನಕಾಂಡ 17. ಇಸ್ರಾಯೇಲ್ಯರಿಗೆ ಅಮಾಲೇಕ್ಯರೊಂದಿಗೆ ಯುದ್ಧ ನಡೆಯುತ್ತಿದೆ. ನಾಯಕ ಮೋಶೆಯ ಕೈಗಳು ಎತ್ತಿರುವವರೆಗೆ ಇಸ್ರಾಯೇಲ್ಯರದೇ ಮೇಲುಗೈ, ಆದರೆ ಆ ಕೈಗಳು ಸೋತು ಬೀಳುತ್ತಿವೆ. ಆರೋನನೂ ಹೂರನೂ ಅವನನ್ನು ಕಲ್ಲಿನ ಮೇಲೆ ಕೂರಿಸಿ, ಆಚೆಗೊಬ್ಬರು ಈಚೆಗೊಬ್ಬರು ನಿಂತು ಕೈಗಳನ್ನು ಆತುಕೊಳ್ಳುತ್ತಾರೆ. ಹೊತ್ತು ಮುಳುಗುವವರೆಗೆ ಅವನ ಕೈಗಳು ಅಲುಗಲಿಲ್ಲ. ಆ ‘ಅಲುಗದಿರುವಿಕೆ’ಗೆ ಇಬ್ರಿಯದಲ್ಲಿ (ಹೀಬ್ರೂ ಭಾಷೆಯಲ್ಲಿ) ಇರುವ ಪದ ಎಮುನಾ. ಧರ್ಮೋಪದೇಶಕಾಂಡ 32:4ರಲ್ಲಿ ದೇವರನ್ನು ನಂಬಿಗಸ್ತನು ಎನ್ನುವಾಗಲೂ ಇರುವುದು ಅದೇ ಪದ. ಸತ್ಯ ಎಂಬರ್ಥದ ಎಮೆತ್, ಪ್ರತಿ ಪ್ರಾರ್ಥನೆಯ ಕೊನೆಗೆ ನಾವು ಹೇಳುವ ಆಮೆನ್, ಎಲ್ಲವೂ ಒಂದೇ ಬೇರಿನವು. ನಾನು ಯಂತ್ರ ನಿಲ್ಲಿಸಿದೆ. ಅಲ್ಲಿಯವರೆಗೆ ಸತ್ಯವೆಂದರೆ ಬಾಯಿಗೆ ಸೇರಿದ್ದು ಎಂದುಕೊಂಡಿದ್ದೆ. ಇಲ್ಲಿ ಅದು ಸಂಜೆಯವರೆಗೆ ಕೆಳಗಿಳಿಯದ ತೋಳು. ದೇವರು ಸತ್ಯವಂತನು ಎಂದರೆ ಆತನ ಮೇಲೆ ಭಾರ ಹಾಕಿ ಒರಗಬಹುದು ಎಂದೂ ಅರ್ಥ. ಎಷ್ಟೋ ವರ್ಷಗಳಿಂದ ಆಮೆನ್ ಎನ್ನುತ್ತಿದ್ದವಳಿಗೆ ಇದು ಯಾರೂ ಹೇಳಿರಲಿಲ್ಲ.

ಆಮೇಲಿನ ಅಬ್ರಹಾಮನ ಪಾಠ ಇನ್ನೂ ಹತ್ತಿರಕ್ಕೆ ಬಂತು. ನನ್ನ ಮನಸ್ಸಿನಲ್ಲಿ ಒಂದು ತಕರಾರಿತ್ತು: ದೇವರೂ ತಡಮಾಡುತ್ತಾನಲ್ಲವೇ? ಅಬ್ರಹಾಮನು ದೇವರ ಕರೆಯನ್ನೂ ಸಂತತಿಯ ಮಾತನ್ನೂ ಕೇಳಿ ಹೊರಟಾಗ ಅವನಿಗೆ 75 ವರ್ಷ, ಆ ಮಾತಿನಂತೆ ಮಗ ಇಸಾಕನು ಹುಟ್ಟಿದಾಗ 100. ಇಪ್ಪತ್ತೈದು ವರ್ಷ ಕಾಯಿಸಿದವನಿಗೂ ಮೂರು ವಾರ ಕಾಯಿಸಿದ ನನಗೂ ಏನು ವ್ಯತ್ಯಾಸ? ಪಾಠ ಇದಕ್ಕೆ ನೇರ ಉತ್ತರ ಕೊಡಲಿಲ್ಲ. ಆದರೆ ಆದಿಕಾಂಡದ 12, 15, 17, 21ನೆಯ ಅಧ್ಯಾಯಗಳನ್ನು ಸಾಲಾಗಿ ಓದಿಸಿತು, ಆಗ ನನಗೇ ಹೊಳೆಯಿತು. ಮೊದಲೆರಡು ಕಡೆ ದೇವರು ಸಂತತಿಯನ್ನು ಕೊಡುತ್ತೇನೆ ಎನ್ನುತ್ತಾನೆ, ಮಗ ಯಾವಾಗ ಹುಟ್ಟುವನೆಂದು ಹೇಳುವುದಿಲ್ಲ. 17:21ರಲ್ಲಿ ಮೊದಲ ಸಲ ಕಾಲವನ್ನು ಗೊತ್ತುಮಾಡುತ್ತಾನೆ: ಬರುವ ವರ್ಷ ಇದೇ ಸಮಯಕ್ಕೆ. 21:2ರಲ್ಲಿ ಆತನು ಹೇಳಿದ ಕಾಲಕ್ಕೇ ಮಗು ಹುಟ್ಟುತ್ತದೆ. ಆತನು ಕಾಯಿಸಿದನು, ನಿಜ; ಹುಸಿ ದಿನ ಕೊಟ್ಟು ಕಾಯಿಸಲಿಲ್ಲ. ನನ್ನ ತಪ್ಪು ತಡದಲ್ಲಿರಲಿಲ್ಲ, ಕೊಟ್ಟ ದಿನದಲ್ಲಿತ್ತು.

ಮರುದಿನ ಅಳತೆ ಪುಸ್ತಕದಲ್ಲಿ ಅಳತೆಗಳ ಪಕ್ಕದಲ್ಲೇ ಗೆರೆ ಎಳೆದು ದಿನಾಂಕದ ಕಾಲಂ ಮಾಡಿದೆ. ಅದೇ ವಾರ ಒಬ್ಬ ತಾಯಿ ಮಗಳ ಉಡುಪಿಗೆ ಬಟ್ಟೆ ತಂದು, ಶನಿವಾರಕ್ಕೆ ಬೇಕು ಎಂದರು. ಕಾಲಂ ನೋಡಿ, ‘ಆಗುವುದಿಲ್ಲಮ್ಮ, ಮುಂದಿನ ಗುರುವಾರ’ ಎಂದೆ. ‘ನೀವು ಯಾವತ್ತೂ ಹೀಗೆ ಹೇಳಿದವರಲ್ಲವಲ್ಲ’ ಎಂದು ಬಟ್ಟೆ ಎತ್ತಿಕೊಂಡು ಹೋದರು. ನಷ್ಟವಾಯಿತು, ಬೇಸರವೂ ಆಯಿತು. ತನಗೆ ನಷ್ಟವಾದರೂ ಆಡಿದ ಮಾತನ್ನು ಬದಲಿಸದವನು ಎಂಬ 15ನೆಯ ಕೀರ್ತನೆಯ ಮಾತು ಇಂಥ ದಿನಗಳಿಗೇ ಎಂದುಕೊಂಡು ಮತ್ತೆ ಯಂತ್ರ ತುಳಿದೆ.

ಇನ್ನು ಕೊರತೆಗಳು. ಓದುವ ಧ್ವನಿ ಯಂತ್ರದ್ದು. ಪ್ರತಿ ವಚನದ ಕೊನೆಗೂ ನಿಲ್ಲುತ್ತದೆ. ಹೊಸ ಒಡಂಬಡಿಕೆಯ ಈಗಿನ ವಚನ ಸಂಖ್ಯೆಗಳನ್ನು ಮುದ್ರಕನೊಬ್ಬ ಸೇರಿಸಿದ್ದು 1551ರಲ್ಲಿ. ಅದರಲ್ಲಿರುವ ಪತ್ರಗಳನ್ನು ಬರೆದ ಪೌಲನು ಅವನ್ನು ನೋಡಿ ಉಸಿರು ಬಿಟ್ಟವನಲ್ಲ. ಅವನ ಉದ್ದನೆಯ ವಾಕ್ಯಗಳು ತುಂಡು ತುಂಡಾಗಿ ಅರ್ಥ ಕೆಡುತ್ತವೆ.

ಅದಕ್ಕಿಂತ ದೊಡ್ಡ ಕೊರತೆ, ಪಾಠಮಾಲೆ ಕಷ್ಟದ ಭಾಗಗಳನ್ನು ಬಿಟ್ಟುಬಿಟ್ಟಿದೆ. ‘ನೀನು ನನ್ನನ್ನು ಮರುಳುಗೊಳಿಸಿದಿ’ ಎಂದು ಪ್ರವಾದಿ ಯೆರೆಮೀಯನು ದೇವರಿಗೇ ಹೇಳುವ ಯೆರೆಮೀಯ 20:7 ಇಲ್ಲ. ರಾಜ ಅಹಾಬನ ಪ್ರವಾದಿಗಳ ಬಾಯಿಗೆ ದೇವರ ಅನುಮತಿಯಿಂದಲೇ ಸುಳ್ಳಿನ ಆತ್ಮ ಬರುವ 1 ಅರಸುಗಳು 22 ಇಲ್ಲ. ಆ ಅಧ್ಯಾಯದಲ್ಲೇ ಮೀಕಾಯೆಹು ಎಂಬ ಪ್ರವಾದಿ ಎದ್ದು, ನಡೆದದ್ದೆಲ್ಲವನ್ನೂ ರಾಜನ ಮುಖಕ್ಕೇ ಹೇಳುತ್ತಾನೆ; ಅಷ್ಟನ್ನು ತೋರಿಸಿದ್ದರೂ ಸಾಕಿತ್ತು. ಸತ್ಯವೇದವೇ ಮುಚ್ಚಿಡದ ಪ್ರಶ್ನೆಯನ್ನು ದೇವರ ಸತ್ಯತೆಯ ಪಾಠ ಮುಚ್ಚಿಡಬಾರದು.

ನನಗೆ ನಿಜಕ್ಕೂ ನೋವಾದದ್ದು ಬೆಳಗಿನ ಅಧಿಸೂಚನೆಯಿಂದ. ‘ಇಂದು ದೇವರು ನಿಮಗೆ ಹೇಳುವ ಮಾತು’ ಎಂಬ ತಲೆಬರಹದಡಿ ಯೆರೆಮೀಯ 29:11 ಪದೇ ಪದೇ ಬರುತ್ತದೆ: ನಿಮಗೆ ಒಳ್ಳೆಯ ಭವಿಷ್ಯವಿದೆ ಎಂಬ ಮಾತು. ಅದರ ಹಿಂದಿನ ವಚನ ಬರುವುದೇ ಇಲ್ಲ. ಅಲ್ಲಿ, ಬಾಬೆಲಿಗೆ ಸೆರೆಹೋದವರಿಗೆ ಯೆರೆಮೀಯನು ಬರೆದ ಪತ್ರದಲ್ಲಿ, ದೇವರು 70 ವರ್ಷ ಎಂಬ ಗಡುವು ಕೊಟ್ಟಿದ್ದಾನೆ. ಆ ಪತ್ರ ಕೇಳಿದ ದೊಡ್ಡವರಲ್ಲಿ ಹೆಚ್ಚಿನವರು ಊರಿಗೆ ಮರಳುವಷ್ಟು ಕಾಲ ಬದುಕಲಾರರು. ದೇವರು ಅದನ್ನು ಮುಚ್ಚಿಡದೆ, ಮನೆ ಕಟ್ಟಿಕೊಳ್ಳಿ, ತೋಟ ಮಾಡಿಕೊಳ್ಳಿ ಎಂದನು. ಆ ಗಡುವನ್ನು ಕತ್ತರಿಸಿ ಭರವಸೆಯನ್ನು ಮಾತ್ರ ಕಳುಹಿಸಿದರೆ, ಆತನು ಕೊಡದ ‘ನಾಳೆ’ಯನ್ನು ಆತನ ಹೆಸರಿನಲ್ಲಿ ಕೊಟ್ಟಂತಾಗುತ್ತದೆ. ಕಾಯಿಲೆಯಲ್ಲಿ ಮಲಗಿರುವವರ ಮೊಬೈಲಿಗೂ ಅದು ಹೋಗುತ್ತದೆ.

ಹತ್ತನೆಯ ವಚನವನ್ನೂ ಸೇರಿಸಿ ಎಂದು ಆ್ಯಪಿನವರಿಗೆ ಬರೆದಿದ್ದೇನೆ. ನೀವು ಹಾಕಿಕೊಳ್ಳುವುದಾದರೆ ಖಂಡಿತ ಹಾಕಿಕೊಳ್ಳಿ, ನಾಲ್ಕನೆಯ ದಿನದ ಪಾಠವನ್ನು ಬಿಡಬೇಡಿ. ಅಧಿಸೂಚನೆಯನ್ನು ಮಾತ್ರ ಮೊದಲ ದಿನವೇ ನಿಲ್ಲಿಸಿಬಿಡಿ.